‘ಗೆದ್ದವರು ಯಾರು’ ಎಂದು ಕೇಳುವುದನ್ನು ಬಿಡಿ: ನಾಯಕರ ಟಿ.ವಿ. ಚರ್ಚೆ ನಡೆಸುವವರಿಗೊಂದು ಬಹಿರಂಗ ಪತ್ರ

ಚುನಾವಣಾ ಚರ್ಚೆಗಳನ್ನು ಏರ್ಪಡಿಸುವ ಸಂಸ್ಥೆಗಳಿಗೆ, ವಾಹಿನಿಗಳ ಸಂಪಾದಕರಿಗೆ, ಸಂಚಾಲಕರ ಕುರ್ಚಿಯಲ್ಲಿ ಕೂರುವವರಿಗೆ,

ಮಾನ್ಯರೆ,

ಚುನಾವಣೆ ಹತ್ತಿರ ಬಂದಾಗಲೆಲ್ಲ ಒಂದು ಜಗಳ ಮರುಕಳಿಸುತ್ತದೆ. ನಾಯಕರನ್ನು ಕ್ಯಾಮೆರಾ ಮುಂದೆ ಎದುರುಬದುರು ನಿಲ್ಲಿಸಿ ಮಾತಾಡಿಸುವುದರಿಂದ ಏನಾದರೂ ಪ್ರಯೋಜನವಿದೆಯೇ? ಇದೆ ಎನ್ನುವವರು ಯಾವುದೋ ಒಂದು ಚರ್ಚೆಯನ್ನು ತೋರಿಸಿ ‘ಆ ರಾತ್ರಿ ಚುನಾವಣೆಯ ದಿಕ್ಕೇ ಬದಲಾಯಿತು’ ಎನ್ನುತ್ತಾರೆ. ಇಲ್ಲ ಎನ್ನುವವರು ಇನ್ನೊಂದನ್ನು ತೋರಿಸಿ ‘ಒಂದು ಮತವೂ ಅಲುಗಲಿಲ್ಲ’ ಎನ್ನುತ್ತಾರೆ. ಇಬ್ಬರ ಕೈಯಲ್ಲೂ ಇರುವುದು ಒಂದೇ ಅಳತೆಗೋಲು: ಎಷ್ಟು ಮತ ಆಚೀಚೆಯಾಯಿತು. ಆ ಅಳತೆಗೋಲೇ ತಪ್ಪು ಎಂದು ನಾವು ನಂಬಿದ್ದೇವೆ. ಚರ್ಚೆಯ ಉಪಯೋಗ ಎಲ್ಲಿ ಹುಟ್ಟುತ್ತದೆ, ಎಲ್ಲಿ ಸೋರಿಹೋಗುತ್ತದೆ, ಸೋರುವ ಜಾಗಗಳನ್ನು ಮುಚ್ಚುವುದು ಹೇಗೆ ಎಂಬುದನ್ನು ನಿಮ್ಮ ಮುಂದಿಡಲು ಈ ಪತ್ರ.

ಮತದ ಲೆಕ್ಕವನ್ನು ಮೊದಲು ಮುಗಿಸಿಬಿಡೋಣ. ಕರೊಲಿನ್ ಲ ಪೆನೆಕ್ ಮತ್ತು ವಿನ್ಸೆಂಟ್ ಪೊನ್ಸ್ ಎಂಬ ಅರ್ಥಶಾಸ್ತ್ರಜ್ಞರು ಹಲವು ದೇಶಗಳ 62 ಚುನಾವಣೆಗಳನ್ನೂ 56 ಟಿ.ವಿ. ಚರ್ಚೆಗಳನ್ನೂ ಒಟ್ಟಿಗೆ ಪರಿಶೀಲಿಸಿದರು. ಮತದಾನಕ್ಕೆ ಮುಂಚೆ ‘ಇವರಿಗೆ ಹಾಕುತ್ತೇನೆ’ ಎಂದವರು ಕೊನೆಗೆ ಯಾರಿಗೆ ಹಾಕಿದರು ಎಂದು ಹೋಲಿಸಿ ನೋಡಿದರೆ, ಚರ್ಚೆಗಳ ಪರಿಣಾಮ ಕಣ್ಣಿಗೆ ಬೀಳಲಿಲ್ಲ. ಅಮೆರಿಕದ ಅಧ್ಯಕ್ಷೀಯ ಚುನಾವಣೆಗಳೂ ಇದನ್ನೇ ಹೇಳುತ್ತವೆ. ಸಮೀಕ್ಷೆಗಳ ಪ್ರಕಾರ 1984ರ ಮೊದಲ ಚರ್ಚೆ ಗೆದ್ದದ್ದು ಮಾಂಡೇಲ್, 2004ರಲ್ಲಿ ಕೆರ‍್ರಿ, 2012ರ ಮೊದಲ ಚರ್ಚೆಯಲ್ಲಿ ರಾಮ್ನಿ, 2016ರಲ್ಲಿ ಹಿಲರಿ ಕ್ಲಿಂಟನ್. ನಾಲ್ವರೂ ಚುನಾವಣೆಯಲ್ಲಿ ಸೋತರು. ಬ್ರಿಟನ್ನಿನ ಪ್ರಧಾನಿ ಹುದ್ದೆಯ ಆಕಾಂಕ್ಷಿಗಳು 2010ರ ಏಪ್ರಿಲ್‌ನಲ್ಲಿ ಮೊದಲ ಸಲ ಟಿ.ವಿ. ಚರ್ಚೆಗೆ ನಿಂತಾಗ ಲಿಬರಲ್ ಡೆಮಾಕ್ರಾಟ್ ಪಕ್ಷದ ನಿಕ್ ಕ್ಲೆಗ್ ಒಂದೇ ಸಂಜೆಯಲ್ಲಿ ಮನೆಮಾತಾದರು. ಫಲಿತಾಂಶ ಬಂದಾಗ ಅವರ ಪಕ್ಷದ ಸ್ಥಾನಗಳು 62ರಿಂದ 57ಕ್ಕೆ ಇಳಿದಿದ್ದವು.

ಹಾಗಾದರೆ ಇದೆಲ್ಲ ವ್ಯರ್ಥವೇ? ಅಷ್ಟು ಬೇಗ ತೀರ್ಪು ಕೊಡಬೇಡಿ. 2024ರ ಜೂನ್ 27ರಂದು ಅಟ್ಲಾಂಟಾದ ಸ್ಟುಡಿಯೊದಲ್ಲಿ ಬೈಡನ್ ಮತ್ತು ಟ್ರಂಪ್ ತೊಂಬತ್ತು ನಿಮಿಷ ನಿಂತರು. ಪ್ರೇಕ್ಷಕರಿರಲಿಲ್ಲ, ಬರೆದು ತಂದ ಟಿಪ್ಪಣಿಗೆ ಅವಕಾಶವಿರಲಿಲ್ಲ, ನಡುವಿನ ವಿರಾಮದಲ್ಲಿ ಸಲಹೆಗಾರರು ಹತ್ತಿರ ಸುಳಿಯುವಂತಿರಲಿಲ್ಲ. ಜುಲೈ 21ರಂದು ಬೈಡನ್ ಕಣದಿಂದ ಹಿಂದೆ ಸರಿದರು. ಅದುವರೆಗೆ ತೆರೆಯ ಮೇಲಿನ ಅಕ್ಷರ ನೋಡಿ ಓದಿದ ನೂರಾರು ಭಾಷಣಗಳು ತೋರಿಸದೇ ಇದ್ದ ಬೈಡನ್ ಅವರ ಇಳಿವಯಸ್ಸಿನ ತಡವರಿಕೆಯನ್ನು ಆ ತೊಂಬತ್ತು ನಿಮಿಷ ತೋರಿಸಿತ್ತು. ಅದು ಒಳ್ಳೆಯದಾಯಿತೋ ಕೆಟ್ಟದಾಯಿತೋ ಎಂಬುದು ಬೇರೆ ಮಾತು. ಮತದಾರರಿಗೆ ತಿಳಿದಿರಬೇಕಾದ ಒಂದು ಸಂಗತಿ ಬಯಲಿಗೆ ಬಂತು ಎಂಬುದನ್ನು ಅಲ್ಲಗಳೆಯಲಾಗದು.

ನಮ್ಮನ್ನು ಹೆಚ್ಚು ಒಪ್ಪಿಸಿದ ನಿದರ್ಶನ ಸಿಯೆರಾ ಲಿಯೋನ್ ದೇಶದ್ದು. 2012ರ ಸಂಸತ್ ಚುನಾವಣೆಯಲ್ಲಿ ಅಲ್ಲಿನ ಕೆಲವು ಕ್ಷೇತ್ರಗಳ ಅಭ್ಯರ್ಥಿಗಳ ಚರ್ಚೆಯನ್ನು ಚಿತ್ರೀಕರಿಸಿ, ಚೀಟಿ ಎತ್ತಿದಂತೆ ಆರಿಸಿದ ಊರುಗಳಲ್ಲಿ ದೊಡ್ಡ ಪರದೆ ಕಟ್ಟಿ ತೋರಿಸಲಾಯಿತು. ನೋಡಿದ ಊರುಗಳಲ್ಲಿ ಜನರಿಗೆ ಅಭ್ಯರ್ಥಿಗಳ ನಿಲುವುಗಳ ಬಗ್ಗೆ ತಿಳಿವಳಿಕೆ ಹೆಚ್ಚಿತು, ತಮ್ಮ ನಿಲುವಿಗೆ ಹತ್ತಿರವಿದ್ದವರಿಗೆ ಮತ ಹಾಕುವುದೂ ಹೆಚ್ಚಿತು. ಬೆರಗಿನ ವಿಷಯ ಅದರ ನಂತರದ್ದು. ಚರ್ಚೆಯಲ್ಲಿ ಭಾಗವಹಿಸಿ ಗೆದ್ದವರು ಆಮೇಲೆ ಕ್ಷೇತ್ರದ ಜನರನ್ನು ಹೆಚ್ಚು ಸಲ ಕಂಡರು, ಅಭಿವೃದ್ಧಿ ನಿಧಿಯನ್ನು ಹೆಚ್ಚು ಖರ್ಚು ಮಾಡಿದರು. ಚರ್ಚೆ ನೋಡುವವರನ್ನಷ್ಟೇ ಅಲ್ಲ, ಮಾತಾಡುವವರನ್ನೂ ಬದಲಿಸಿತು.

ಈ ಎರಡನ್ನೂ ಒಟ್ಟಿಗೆ ಇಟ್ಟು ನೋಡಿದರೆ ಚರ್ಚೆಯ ಕೆಲಸ ಯಾವುದೆಂದು ಸ್ಪಷ್ಟವಾಗುತ್ತದೆ. ಬರೆದುಕೊಟ್ಟ ಭಾಷಣವಿಲ್ಲದೆ, ಕಿವಿಯಲ್ಲಿ ಪಿಸುಗುಟ್ಟುವವರಿಲ್ಲದೆ, ತಪ್ಪು ಹೇಳಿದರೆ ಆ ಕ್ಷಣವೇ ಹಿಡಿಯಬಲ್ಲ ಎದುರಾಳಿಯ ಮುಂದೆ, ನಾಯಕರೊಬ್ಬರು ‘ಇದನ್ನು ಮಾಡುತ್ತೇನೆ, ಇದನ್ನು ಮಾಡುವುದಿಲ್ಲ’ ಎಂದು ಹೇಳಿ ಅದು ದಾಖಲಾಗುವುದು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂಬ ಗಾದೆಯ ಬಿಗಿ ಇಲ್ಲಿ ಅಕ್ಷರಶಃ ಕೆಲಸ ಮಾಡಬೇಕು. ಜನ ಈಗಾಗಲೇ ಅಂಗೈ ರೇಖೆಯಂತೆ ಬಲ್ಲ ಇಬ್ಬರು ದೊಡ್ಡ ನಾಯಕರ ನಡುವೆ ಈ ಲಾಭ ಕಡಿಮೆ. ಹೆಸರೇ ಕೇಳದ ಅಭ್ಯರ್ಥಿಗಳಿರುವ ಸಣ್ಣ ಕ್ಷೇತ್ರಗಳಲ್ಲಿ ಅದು ಬಲು ದೊಡ್ಡದು. ಆದರೆ ಹಣ, ಕ್ಯಾಮೆರಾ, ಪ್ರಸಾರದ ಹೊತ್ತು ಎಲ್ಲವನ್ನೂ ನೀವು ಸುರಿಯುತ್ತಿರುವುದು ಮೊದಲನೆಯದರ ಮೇಲೆ.

ದೊಡ್ಡ ಚರ್ಚೆಯನ್ನೇ ಮಾಡುತ್ತೀರಿ ಎಂದಾದರೆ ಗಡಿಯಾರದಿಂದ ಶುರು ಮಾಡಿ. ಹಾಳಾಗುವ ಚರ್ಚೆಗಳಲ್ಲಿ ಹೆಚ್ಚಿನವು ಪ್ರಸಾರಕ್ಕೆ ಮೊದಲೇ, ಸಮಯದ ಪಟ್ಟಿ ಬರೆಯುವಾಗಲೇ ಹಾಳಾಗಿರುತ್ತವೆ. ತೊಂಬತ್ತು ನಿಮಿಷದಲ್ಲಿ ಪರಿಚಯ, ಮುಕ್ತಾಯದ ಮಾತು, ವಿರಾಮ, ಸಂಚಾಲಕರ ಪ್ರಶ್ನೆಗಳನ್ನು ಕಳೆದರೆ ನಾಯಕರ ಮಾತಿಗೆ ಉಳಿಯುವುದು ಹೆಚ್ಚೆಂದರೆ ಎಪ್ಪತ್ತು ನಿಮಿಷ. ಇಬ್ಬರಿದ್ದು ಹತ್ತು ವಿಷಯಗಳಿದ್ದರೆ ಒಂದು ವಿಷಯಕ್ಕೆ ಒಬ್ಬರಿಗೆ ಮೂರೂವರೆ ನಿಮಿಷ. ಆರು ಜನರಿದ್ದರೆ ಒಂದು ನಿಮಿಷ ಹತ್ತು ಸೆಕೆಂಡು. ಅಷ್ಟರಲ್ಲಿ ಘೋಷಣೆ ಕೂಗಬಹುದು, ಯೋಜನೆ ವಿವರಿಸಲಾಗದು. 2019ರ ಅಕ್ಟೋಬರ್‌ನಲ್ಲಿ ಕೆನಡಾದ ಇಂಗ್ಲಿಷ್ ಚರ್ಚೆಯಲ್ಲಿ ಆರು ನಾಯಕರಿಗೆ ಐವರು ಸಂಚಾಲಕರಿದ್ದರು, ಸಮಯ ಎರಡು ಗಂಟೆ. ಐವರೂ ತಮ್ಮ ಸರದಿ ಬಂದಾಗ ಪೀಠಿಕೆ ಹಾಕಿ ಪ್ರಶ್ನೆ ಕೇಳಬೇಕು. ನಾಯಕರ ಪಾಲಿಗೆ ಉಳಿಯುವುದು ಚೂರುಪಾರು.

ನಾವು ಸೂಚಿಸುವ ಹಂಚಿಕೆ ಸರಳವಾದದ್ದು. ಐದು ವಿಷಯ, ಒಂದೊಂದಕ್ಕೆ ಹದಿನೈದು ನಿಮಿಷ, ಒಟ್ಟು ಎಪ್ಪತ್ತೈದು. ಉಳಿದ ಹದಿನೈದು ನಿಮಿಷ ಪರಿಚಯಕ್ಕೆ, ಒಂದು ವಿರಾಮಕ್ಕೆ, ಕೊನೆಯ ಮಾತಿಗೆ. ಪ್ರತಿ ಹದಿನೈದರಲ್ಲಿ ವಿಷಯ ತಿಳಿಸಿ ಪ್ರಶ್ನೆ ಕೇಳಲು ಒಂದು ನಿಮಿಷ, ಇಬ್ಬರ ಮೊದಲ ಉತ್ತರಕ್ಕೆ ಎರಡೆರಡು, ಪ್ರತ್ಯುತ್ತರಕ್ಕೆ ಒಂದೊಂದು. ಆಮೇಲೆ ಎಂಟು ನಿಮಿಷ ಉಳಿಯುತ್ತದೆ. ಇಡೀ ಕಾರ್ಯಕ್ರಮದ ಸತ್ವ ಇರುವುದು ಆ ಎಂಟು ನಿಮಿಷದಲ್ಲಿ, ಏಕೆಂದರೆ ಮೊದಲ ಎರಡು ನಿಮಿಷದ ಉತ್ತರವನ್ನು ಪ್ರತಿಯೊಬ್ಬರೂ ಬಾಯಿಪಾಠ ಮಾಡಿಕೊಂಡೇ ಬಂದಿರುತ್ತಾರೆ. ಬಾಯಿಪಾಠ ಮುಗಿದ ಮೇಲೆ ಏನು ಉಳಿದಿದೆ ಎಂದು ತಿಳಿಯುವುದು ಮರುಪ್ರಶ್ನೆಯಲ್ಲಿ. ವಿಷಯಗಳ ಸಂಖ್ಯೆ ಏರಿಸಿದಾಗಲೆಲ್ಲ ಮೊದಲು ಕತ್ತರಿ ಬೀಳುವುದೂ ಅದಕ್ಕೇ. ನಾಲ್ಕಕ್ಕಿಂತ ಹೆಚ್ಚು ನಾಯಕರಿದ್ದರೆ ಚೀಟಿ ಎತ್ತಿ ಎರಡು ರಾತ್ರಿಗೆ ಹಂಚಿ. ಒಂದೇ ವೇದಿಕೆಯಲ್ಲಿ ಏಳೆಂಟು ಜನರನ್ನು ಸಾಲಾಗಿ ನಿಲ್ಲಿಸಿದರೆ ಯಾರು ಯಾರಿಗೆ ಉತ್ತರಿಸುತ್ತಿದ್ದಾರೆ ಎಂಬುದೇ ನೋಡುವವರಿಗೆ ತಿಳಿಯುವುದಿಲ್ಲ.

ಇನ್ನು ಪ್ರಶ್ನೆಗಳು. ಇವುಗಳ ತಯಾರಿಗೆ ನೀವು ಕೊಡುವ ಹೊತ್ತು ವೇದಿಕೆಯ ಬಣ್ಣಕ್ಕೆ, ಹಿನ್ನೆಲೆ ಸಂಗೀತಕ್ಕೆ ಕೊಡುವಷ್ಟೂ ಇರುವುದಿಲ್ಲ ಎಂದು ತೆರೆಯ ಮೇಲೆ ಕಾಣುವ ಫಲ ಹೇಳುತ್ತದೆ. ‘ಶಿಕ್ಷಣದ ಬಗ್ಗೆ ನಿಮ್ಮ ಕನಸೇನು?’ ಎಂಬುದು ಪ್ರಶ್ನೆಯಲ್ಲ, ಭಾಷಣಕ್ಕೆ ಆಹ್ವಾನ. ‘ನಿರುದ್ಯೋಗ, ಬೆಲೆಯೇರಿಕೆ, ಸಾಲ ಈ ಮೂರರ ಬಗ್ಗೆ ಏನು ಮಾಡುತ್ತೀರಿ?’ ಎಂದರೆ ಮೂರರಲ್ಲಿ ಸುಲಭವಾದುದನ್ನು ಆರಿಸಿಕೊಳ್ಳಲು ನೀವೇ ದಾರಿ ಮಾಡಿಕೊಟ್ಟಂತೆ. ‘ನಿಮ್ಮ ಎದುರಾಳಿ ನಿಮ್ಮನ್ನು ಸುಳ್ಳುಗಾರ ಎಂದಿದ್ದಾರೆ, ಏನಂತೀರಿ?’ ಎಂಬುದು ಜಗಳಕ್ಕೆ ಹಚ್ಚುವ ಕಡ್ಡಿ. ಅದರಿಂದ ಮತದಾರರಿಗೆ ಸಿಗುವ ಮಾಹಿತಿ ಶೂನ್ಯ.

ಪ್ರಶ್ನೆಯನ್ನು ಹೀಗೆ ಪರೀಕ್ಷಿಸಿ. ಅದಕ್ಕೆ ಬರಬಹುದಾದ ಉತ್ತರವನ್ನು ನೀವೇ ಬರೆದು, ಪಕ್ಷದ ಹೆಸರನ್ನು ತೆಗೆದು ಓದಿ. ಅದೇ ಉತ್ತರವನ್ನು ಎದುರಾಳಿಯೂ ಹೇಳಬಹುದಾದರೆ ಆ ಪ್ರಶ್ನೆಯನ್ನು ಕೈಬಿಡಿ. ಒಳ್ಳೆಯ ಪ್ರಶ್ನೆಯಲ್ಲಿ ಒಂದು ಆಯ್ಕೆಯ ಇಕ್ಕಟ್ಟು ಇರಬೇಕು. ಈ ಯೋಜನೆಗೆ ಹಣ ಯಾವ ತೆರಿಗೆಯಿಂದ, ಅಥವಾ ಯಾವ ಖರ್ಚನ್ನು ಕಡಿದು? ಜೊತೆಗೆ ಅವಧಿ ಇರಬೇಕು. ಅಧಿಕಾರಕ್ಕೆ ಬಂದ ಎಷ್ಟು ತಿಂಗಳಲ್ಲಿ? ಅಳತೆಯೂ ಇರಬೇಕು. ಆಯಿತೋ ಇಲ್ಲವೋ ಎಂದು ಜನ ಯಾವ ಅಂಕಿ ನೋಡಿ ತಿಳಿಯಬೇಕು? ಇಡೀ ಪ್ರಶ್ನೆ ಇಪ್ಪತ್ತು ಸೆಕೆಂಡಿನೊಳಗೆ ಮುಗಿಯಬೇಕು. ಸಂಚಾಲಕರು ಪೀಠಿಕೆ ಹಾಕಿದಷ್ಟೂ ನಾಯಕರು ಆ ಪೀಠಿಕೆಯ ಜೊತೆ ಜಗಳಕ್ಕಿಳಿದು ಪ್ರಶ್ನೆಯಿಂದ ಜಾರಿಕೊಳ್ಳುತ್ತಾರೆ.

ಪ್ರತಿ ಮೂಲ ಪ್ರಶ್ನೆಗೆ ಕನಿಷ್ಠ ಮೂರು ಮರುಪ್ರಶ್ನೆಗಳು ಬರೆದಿಟ್ಟಿರಲಿ: ಉತ್ತರ ಬಂದರೆ ಒಂದು, ಹಾರಿಕೆಯ ಮಾತು ಬಂದರೆ ಒಂದು, ಎದುರಾಳಿಯ ಮೇಲೆ ದಾಳಿ ಬಂದರೆ ಒಂದು. ಹಾರಿಕೆಯ ಉತ್ತರಕ್ಕೆ ಅತ್ಯುತ್ತಮ ಮರುಪ್ರಶ್ನೆ ಯಾವುದು ಗೊತ್ತೇ? ಅದೇ ಪ್ರಶ್ನೆ, ಅದೇ ಪದಗಳಲ್ಲಿ, ದನಿ ಏರಿಸದೆ, ಇನ್ನೊಮ್ಮೆ. ಎರಡನೇ ಸಲವೂ ಜಾರಿದರೆ ‘ಈ ಪ್ರಶ್ನೆಗೆ ಉತ್ತರ ಬರಲಿಲ್ಲ, ಮುಂದಿನ ವಿಷಯಕ್ಕೆ ಹೋಗೋಣ’ ಎಂದು ಹೇಳಿ ಮುಂದುವರಿಯಿರಿ. ಮೂರನೇ ಸಲ ಕೇಳಿದರೆ ಸಂಚಾಲಕರೇ ಕಾರ್ಯಕ್ರಮದ ಕೇಂದ್ರವಾಗಿಬಿಡುತ್ತಾರೆ, ನಾಯಕರಿಗೆ ಅನುಕಂಪ ಹುಟ್ಟುತ್ತದೆ. ತೀರ ಮುಖ್ಯವಾದ ಇನ್ನೊಂದು ಮಾತು: ಒಬ್ಬರು ನಿಜವಾಗಿ ಉತ್ತರಿಸಿದಾಗ ಆ ಉತ್ತರವನ್ನು ಒಂದು ವಾಕ್ಯದಲ್ಲಿ ಮರುನುಡಿದು ‘ಹೀಗೆಂದು ದಾಖಲಿಸಿಕೊಳ್ಳಬಹುದೇ?’ ಎಂದು ಕೇಳಿ. ಹೌದು ಎಂದರೆ ಅದು ವಾಗ್ದಾನ. ತಿದ್ದಿದರೆ ಅದು ಇನ್ನೂ ಸ್ಪಷ್ಟವಾದ ವಾಗ್ದಾನ.

ಮೈಕಿನ ವಿಚಾರದಲ್ಲಿ ಕೆಲವು ವರ್ಷಗಳಿಂದ ದೊಡ್ಡ ಗೊಂದಲವಿದೆ. 2020ರ ಸೆಪ್ಟೆಂಬರ್ 29ರಂದು ಕ್ಲೀವ್‌ಲ್ಯಾಂಡಿನಲ್ಲಿ ನಡೆದ ಟ್ರಂಪ್–ಬೈಡನ್ ಚರ್ಚೆಯಲ್ಲಿ ಎರಡು ನಿಮಿಷ ಅಡ್ಡಿಯಿಲ್ಲದೆ ಮಾತಾಡಲು ಬಿಡಬೇಕೆಂಬ ನಿಯಮ ಕಾಗದದ ಮೇಲೆ ಇತ್ತು, ಜಾರಿ ಮಾಡುವ ಸಾಧನ ಇರಲಿಲ್ಲ. ಫಲವಾಗಿ ಒಬ್ಬರ ಮೇಲೊಬ್ಬರು ಮಾತಾಡಿ ವಾಕ್ಯಗಳೇ ಕೇಳಿಸಲಿಲ್ಲ. ಅಕ್ಟೋಬರ್ 22ರ ನ್ಯಾಶ್‌ವಿಲ್ ಚರ್ಚೆಯಲ್ಲಿ ಮೊದಲ ಎರಡು ನಿಮಿಷದ ಉತ್ತರದ ಹೊತ್ತಿಗೆ ಎದುರಾಳಿಯ ಮೈಕನ್ನು ಬಂದ್ ಮಾಡಿದರು, ಉಳಿದ ಹೊತ್ತು ತೆರೆದಿಟ್ಟರು. 2024ರ ಎರಡು ಚರ್ಚೆಗಳಲ್ಲಿ ತಮ್ಮ ಸರದಿ ಇಲ್ಲದಾಗ ಮೈಕ್ ಪೂರ್ತಿ ಬಂದ್.

ಈ ಮೂರರಲ್ಲಿ ನ್ಯಾಶ್‌ವಿಲ್ ಮಾದರಿ ಸರಿ ಎಂಬುದು ನಮ್ಮ ಖಚಿತ ಅಭಿಪ್ರಾಯ. ಪೂರ್ತಿ ಬಂದ್ ಮಾಡಿದರೆ ನಡುವೆ ಬಾಯಿ ಹಾಕುವ ಸ್ವಭಾವವೇ ಜನರಿಂದ ಮುಚ್ಚಿಹೋಗುತ್ತದೆ, ಮತ್ತು ಅದೂ ನಾಯಕರ ಬಗ್ಗೆ ತಿಳಿಯಬೇಕಾದ ಒಂದು ಸಂಗತಿ. ತಾಂತ್ರಿಕ ತೊಂದರೆಯೂ ಇದೆ. ಬಂದ್ ಆದ ಮೈಕಿನ ಹಿಂದೆ ಕೂಗುವವರ ದನಿ ಪಕ್ಕದ ತೆರೆದ ಮೈಕಿಗೆ ಸೋರಿ ಅಸ್ಪಷ್ಟ ಗೊಣಗಾಟವಾಗಿ ಕೇಳಿಸುತ್ತದೆ. ಮಾತಾಡುತ್ತಿರುವವರು ತಡವರಿಸುತ್ತಾರೆ, ಏಕೆ ತಡವರಿಸಿದರು ಎಂದು ಮನೆಯಲ್ಲಿ ಕುಳಿತವರಿಗೆ ತಿಳಿಯುವುದಿಲ್ಲ. ಇದನ್ನು ತಗ್ಗಿಸಲು ಎರಡು ಪೀಠಗಳ ನಡುವೆ ಸುಮಾರು ಎರಡೂವರೆ ಮೀಟರ್ ಅಂತರವಿರಲಿ, ಒಂದೇ ದಿಕ್ಕಿನ ದನಿ ಹಿಡಿಯುವ ಮೈಕ್ ಬಳಸಿ, ಮೈಕ್ ತೆರೆದಿದೆಯೋ ಇಲ್ಲವೋ ಎಂದು ತೋರಿಸುವ ದೀಪ ನಾಯಕರಿಗೂ ನೋಡುಗರಿಗೂ ಕಾಣಲಿ.

ಅಡ್ಡಿಪಡಿಸುವವರಿಗೆ ತಕ್ಕ ಮದ್ದು ಗಡಿಯಾರ. ಫ್ರಾನ್ಸ್‌ನಲ್ಲಿ ಅಧ್ಯಕ್ಷೀಯ ಚುನಾವಣೆಯ ಎರಡನೇ ಸುತ್ತಿನ ಚರ್ಚೆ, 2002ರದ್ದೊಂದನ್ನು ಬಿಟ್ಟರೆ, 1974ರಿಂದ ನಡೆದುಬಂದಿದೆ. ಇಬ್ಬರ ಮಾತಿನ ಹೊತ್ತನ್ನೂ ಬೇರೆ ಬೇರೆ ಎಣಿಸಿ ಸಮಗೊಳಿಸುವುದು ಅಲ್ಲಿನ ಪದ್ಧತಿ. ಚದುರಂಗದ ಗಡಿಯಾರದ ಹಾಗೆ, ಯಾರು ಬಾಯಿ ತೆರೆದರೋ ಅವರ ಖಾತೆಯಿಂದ ಸೆಕೆಂಡುಗಳು ಕಳೆಯುತ್ತ ಹೋಗಲಿ. ನಡುವೆ ಬಾಯಿ ಹಾಕಿದವರು ತಮ್ಮದೇ ಗಂಟು ಕರಗಿಸಿಕೊಳ್ಳುತ್ತಾರೆ. ಇದರಲ್ಲೂ ಒಂದು ಅಪಾಯವಿದೆ: ಒಬ್ಬರು ಬೇಗ ಸಮಯ ಮುಗಿಸಿಕೊಂಡರೆ ಇನ್ನೊಬ್ಬರಿಗೆ ಕೊನೆಯಲ್ಲಿ ಹಲವು ನಿಮಿಷಗಳ ಅಡ್ಡಿಯಿಲ್ಲದ ಭಾಷಣ ಸಿಗುತ್ತದೆ. 2022ರಲ್ಲಿ ಬ್ರೆಜಿಲ್‌ನ ಲುಲಾ–ಬೊಲ್ಸೊನಾರೊ ಚರ್ಚೆಯಲ್ಲಿ ಹೀಗೇ ಆಯಿತು. ಆದ್ದರಿಂದ ಸಮಯದ ಖಾತೆಯನ್ನು ಇಡೀ ಕಾರ್ಯಕ್ರಮಕ್ಕೆ ಇಡಬೇಡಿ, ಆ ಎಂಟೆಂಟು ನಿಮಿಷದ ಭಾಗಗಳಿಗೆ ಪ್ರತ್ಯೇಕವಾಗಿ ಇಡಿ. ಆಗ ಹೆಚ್ಚೆಂದರೆ ಒಂದೆರಡು ನಿಮಿಷದ ಏರುಪೇರಾಗುತ್ತದೆ.

ಬದಲಿ ಧ್ವನಿಮಾರ್ಗ ಸಿದ್ಧವಿರಲಿ ಎಂದು ಇಲ್ಲೇ ಹೇಳಿಬಿಡುತ್ತೇವೆ. 1976ರ ಸೆಪ್ಟೆಂಬರ್ 23ರಂದು ಫಿಲಡೆಲ್ಫಿಯಾದಲ್ಲಿ ಅಮೆರಿಕದ ಅಧ್ಯಕ್ಷ ಅಭ್ಯರ್ಥಿಗಳಾದ ಫೋರ್ಡ್ ಮತ್ತು ಕಾರ್ಟರ್ ಚರ್ಚಿಸುತ್ತಿದ್ದಾಗ ಧ್ವನಿ ಕಡಿದುಹೋಗಿ 27 ನಿಮಿಷ ಬರಲಿಲ್ಲ. ಅಷ್ಟೂ ಹೊತ್ತು ಇಬ್ಬರೂ ತಮ್ಮ ತಮ್ಮ ಪೀಠದ ಹಿಂದೆ ಸುಮ್ಮನೆ ನಿಂತಿದ್ದರು.

ಪ್ರೇಕ್ಷಕರನ್ನು ಸ್ಟುಡಿಯೊದೊಳಗೆ ಕೂರಿಸಬೇಡಿ. ಚಪ್ಪಾಳೆ ಮತ್ತು ನಗೆ ಮನೆಯಲ್ಲಿ ನೋಡುವವರ ತೀರ್ಮಾನವನ್ನು ತಿರುಚುತ್ತದೆ ಎಂಬುದಕ್ಕೆ ಪ್ರಯೋಗದ ಆಧಾರವಿದೆ. 1984ರಲ್ಲಿ ಅಮೆರಿಕದ ಅಧ್ಯಕ್ಷ ರೇಗನ್ ಚರ್ಚೆಯಲ್ಲಿ ತಮ್ಮ ವಯಸ್ಸಿನ ಬಗ್ಗೆ ಚಟಾಕಿ ಹಾರಿಸಿದಾಗ ಸಭಾಂಗಣ ನಗೆಯಲ್ಲಿ ಮುಳುಗಿತ್ತು. ಮುಂದೆ ಮನಶ್ಶಾಸ್ತ್ರಜ್ಞರು ಆ ನಗೆಯನ್ನು ಕತ್ತರಿಸಿ ವಿದ್ಯಾರ್ಥಿಗಳಿಗೆ ತೋರಿಸಿದಾಗ ರೇಗನ್ ಬಗೆಗಿನ ಅಂದಾಜು ಗಣನೀಯವಾಗಿ ಕೆಳಗಿಳಿಯಿತು. ತೆರೆಯ ಕೆಳಗೆ ಹಾವಿನಂತೆ ಏರಿಳಿಯುವ ‘ಜನಮೆಚ್ಚುಗೆ’ಯ ಗೆರೆ ಇದಕ್ಕಿಂತ ಕೆಟ್ಟದ್ದು. ಬ್ರಿಟನ್ನಿನ 2010ರ ಕೊನೆಯ ಚರ್ಚೆಯ ವೇಳೆ ಸಂಶೋಧಕರು 150 ಜನರನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಆಗಿನ ಪ್ರಧಾನಿ ಗಾರ್ಡನ್ ಬ್ರೌನ್ ಪರವಾಗಿ, ಇನ್ನೊಂದಕ್ಕೆ ಕ್ಲೆಗ್ ಪರವಾಗಿ ಬಾಗಿದ ನಕಲಿ ಗೆರೆ ತೋರಿಸಿದರು. ಗೆರೆ ಬಾಗಿದ ಕಡೆಗೇ ನೋಡುಗರ ತೀರ್ಪೂ ಬಾಗಿತು. ಅಂಥ ಗೆರೆಯನ್ನು ಎಳೆಯುವುದು ಬೆರಳೆಣಿಕೆಯಷ್ಟು ಜನರ ಕೈಯಲ್ಲಿರುವ ಗುಂಡಿ ಎಂಬುದನ್ನು ನೆನಪಿಡಿ.

ಕ್ಯಾಮೆರಾದ ಬಗ್ಗೆ ಅಮೆರಿಕದ 1960ರ ಅಧ್ಯಕ್ಷೀಯ ಚರ್ಚೆಯ ಕತೆಯನ್ನು ಎಲ್ಲರೂ ಹೇಳುತ್ತಾರೆ: ರೇಡಿಯೊ ಕೇಳಿದವರಿಗೆ ನಿಕ್ಸನ್ ಗೆದ್ದಂತೆ, ಟಿ.ವಿ. ನೋಡಿದವರಿಗೆ ಕೆನಡಿ ಗೆದ್ದಂತೆ ಕಂಡಿತು ಎಂದು. ಆ ಮಾತಿಗೆ ಇರುವ ಮುಖ್ಯ ಆಧಾರ ಮುನ್ನೂರಕ್ಕೂ ಕಡಿಮೆ ರೇಡಿಯೊ ಕೇಳುಗರಿದ್ದ ಒಂದು ಸಮೀಕ್ಷೆ; ಆ ಕೇಳುಗರು ಮೊದಲೇ ಯಾರ ಕಡೆ ಇದ್ದರು ಎಂಬುದನ್ನು ಅದು ಬಗೆಹರಿಸುವುದಿಲ್ಲ. ಹಾಗೆಂದು ಚಿತ್ರಕ್ಕೆ ಶಕ್ತಿಯಿಲ್ಲ ಎಂದಲ್ಲ. ಒಬ್ಬರು ಮಾತಾಡುವಾಗ ಇನ್ನೊಬ್ಬರು ಬೆವರು ಒರೆಸುವುದನ್ನು ತೋರಿಸುವುದು ನಿರ್ದೇಶಕರ ಒಂದು ಆಯ್ಕೆ. ಆ ಆಯ್ಕೆ ನಿಮ್ಮ ಕೈಯಲ್ಲಿ ಬೇಡ. ಇಬ್ಬರನ್ನೂ ಸಮ ಗಾತ್ರದಲ್ಲಿ, ಉದ್ದಕ್ಕೂ ಅಕ್ಕಪಕ್ಕದಲ್ಲೇ ತೋರಿಸಿ. ನೋಡುಗರು ಎಲ್ಲಿ ಕಣ್ಣಿಡಬೇಕೆಂದು ಅವರೇ ತೀರ್ಮಾನಿಸುತ್ತಾರೆ.

ಸುಳ್ಳು ಹೇಳಿದರೆ ಅಲ್ಲಿಯೇ ತಿದ್ದಬೇಕೇ? ಇದು ಕಠಿಣ ಪ್ರಶ್ನೆ, ಬಲ್ಲವರಲ್ಲೇ ಒಮ್ಮತವಿಲ್ಲ. 2024ರ ಜೂನ್ ಚರ್ಚೆಯ ಸಂಚಾಲಕರು ತಿದ್ದಲಿಲ್ಲ, ಸುಳ್ಳು ಹಾಗೆಯೇ ಹರಿಯಿತೆಂಬ ದೂರು ಬಂತು. ಸೆಪ್ಟೆಂಬರ್ ಚರ್ಚೆಯ ಸಂಚಾಲಕರು ಕೆಲವನ್ನು ತಿದ್ದಿದರು, ಒಬ್ಬರನ್ನೇ ಹೆಚ್ಚು ತಿದ್ದಿದರೆಂಬ ದೂರು ಬಂತು. ಎರಡೂ ದೂರಿನ ಬೇರು ಒಂದೇ: ಯಾವ ಅಂಕಿ ಸರಿ ಎಂದು ಮೊದಲೇ ಒಪ್ಪಂದವಿಲ್ಲದಿರುವುದು. ಚರ್ಚೆಗೆ ಎರಡು ದಿನ ಮುಂಚೆ, ಐದೂ ವಿಷಯಗಳಿಗೆ ಸಂಬಂಧಿಸಿದ ನಲವತ್ತೈವತ್ತು ಅಧಿಕೃತ ಅಂಕಿಗಳ ಪಟ್ಟಿಯನ್ನು ಎರಡೂ ಕಡೆಗೆ ಕಳಿಸಿ. ಸಾಲ ಎಷ್ಟು, ಕಳೆದ ಐದು ವರ್ಷದ ಬೆಲೆಯೇರಿಕೆ ಎಷ್ಟು, ಖಾಲಿ ಹುದ್ದೆಗಳು ಎಷ್ಟು, ಪ್ರತಿಯೊಂದಕ್ಕೂ ಮೂಲ ಯಾವುದು. ಆಕ್ಷೇಪವಿದ್ದರೆ ಒಂದು ದಿನದೊಳಗೆ ಲಿಖಿತವಾಗಿ ತಿಳಿಸಲಿ. ಸಂಚಾಲಕರು ಆ ಪಟ್ಟಿಯಲ್ಲಿರುವ ಅಂಕಿಗಳನ್ನು ಮಾತ್ರ ಬಳಸಿ, ಇಬ್ಬರನ್ನೂ ಒಂದೇ ವಾಕ್ಯದಿಂದ ತಿದ್ದಲಿ: ‘ಒಪ್ಪಿದ ಪಟ್ಟಿಯಲ್ಲಿ ಈ ಅಂಕಿ ಇಷ್ಟು.’ ಪಟ್ಟಿಯನ್ನು ಜನರಿಗೂ ಪ್ರಕಟಿಸಿ.

ಯಾರನ್ನು ಕರೆಯಬೇಕು ಎಂಬುದು ಬಾಗಿಲು ಕಾಯುವ ಕೆಲಸ, ಅದರಲ್ಲಿ ಅನ್ಯಾಯ ಸುಲಭ. 1992ರ ಅಮೆರಿಕದ ಅಧ್ಯಕ್ಷೀಯ ಚುನಾವಣೆಯಲ್ಲಿ ಪಕ್ಷೇತರ ಅಭ್ಯರ್ಥಿ ರಾಸ್ ಪೆರೋ ಚರ್ಚೆಗೆ ಮುನ್ನ ಸಮೀಕ್ಷೆಗಳಲ್ಲಿ ಶೇ 10ಕ್ಕಿಂತ ಕೆಳಗಿದ್ದರು. ಚರ್ಚೆಯಲ್ಲಿ ಪಾಲ್ಗೊಂಡು ಕೊನೆಗೆ ಸುಮಾರು ಶೇ 19ರಷ್ಟು ಮತ ಪಡೆದರು. 1998ರಲ್ಲಿ ಮಿನೆಸೋಟಾ ರಾಜ್ಯದ ಗವರ್ನರ್ ಚುನಾವಣೆಯಲ್ಲಿ ಜೆಸ್ಸಿ ವೆಂಚುರಾ ಶೇ 10ರ ಆಸುಪಾಸಿನಿಂದ ಮೇಲೆದ್ದು ಶೇ 37 ಮತದೊಂದಿಗೆ ಗೆದ್ದೇಬಿಟ್ಟರು. ಎರಡು ವರ್ಷದ ನಂತರ ಅಮೆರಿಕದ ಅಧ್ಯಕ್ಷೀಯ ಚರ್ಚಾ ಆಯೋಗ ಸಮೀಕ್ಷೆಗಳಲ್ಲಿ ಕನಿಷ್ಠ ಶೇ 15 ಬೆಂಬಲ ಬೇಕೆಂಬ ಮಿತಿ ಹಾಕಿತು. ಅಂಥ ಮಿತಿ ಮೊದಲೇ ಇದ್ದಿದ್ದರೆ ಇವರಿಬ್ಬರಿಗೂ ಬಾಗಿಲು ಮುಚ್ಚಿರುತ್ತಿತ್ತು. ಶೇ 5, ಅಥವಾ ಹಿಂದಿನ ಸದನದಲ್ಲಿ ಕೆಲವು ಸ್ಥಾನ, ಇವೆರಡರಲ್ಲಿ ಒಂದು ಸಾಕೆಂದು ನಮಗೆ ತೋರುತ್ತದೆ. ಯಾವುದೇ ಆಗಲಿ, ಮಿತಿಯನ್ನು ಚುನಾವಣೆಗೆ ಒಂದು ವರ್ಷ ಮೊದಲೇ ಪ್ರಕಟಿಸಿ. ಹೆಸರುಗಳು ಗೊತ್ತಾದ ಮೇಲೆ ಬರೆದ ಮಿತಿಯನ್ನು ಯಾರೂ ನಂಬುವುದಿಲ್ಲ.

ಬರಲೊಪ್ಪದವರ ವಿಷಯ ಇನ್ನೂ ಸೂಕ್ಷ್ಮ. ಸಮೀಕ್ಷೆಯಲ್ಲಿ ಮುಂದಿರುವವರಿಗೆ ಚರ್ಚೆಯಿಂದ ಗಳಿಸುವುದು ಕಡಿಮೆ, ಕಳೆದುಕೊಳ್ಳುವುದು ಹೆಚ್ಚು. ಅವರು ತಪ್ಪಿಸಿಕೊಳ್ಳುವುದು ಸಹಜ. ಅರ್ಜೆಂಟೀನಾ ಇದಕ್ಕೆ ಕಾನೂನಿನ ದಾರಿ ಕಂಡುಕೊಂಡಿತು. 2015ರ ಅಕ್ಟೋಬರ್ ಚರ್ಚೆಗೆ ಅಧ್ಯಕ್ಷ ಸ್ಥಾನದ ಅಭ್ಯರ್ಥಿ ಸ್ಕಿಯೊಲಿ ಬರಲಿಲ್ಲ, ಅವರ ಪೀಠವನ್ನು ಖಾಲಿಯಾಗಿಯೇ ತೋರಿಸಲಾಯಿತು. ಮರುವರ್ಷ ಬಂದ ಕಾನೂನು ಅಧ್ಯಕ್ಷೀಯ ಚರ್ಚೆಯನ್ನು ಕಡ್ಡಾಯ ಮಾಡಿತು. ಬಾರದವರು ಸರ್ಕಾರ ಕೊಡುವ ಉಚಿತ ಪ್ರಚಾರದ ಹೊತ್ತನ್ನು ಕಳೆದುಕೊಳ್ಳುತ್ತಾರೆ, ಅವರ ಜಾಗ ಖಾಲಿ ಉಳಿಯುತ್ತದೆ. ಖಾಲಿ ಪೀಠ ಸಾಕು, ಅದಕ್ಕೆ ಅಲಂಕಾರ ಬೇಡ. 2019ರಲ್ಲಿ ಬ್ರಿಟನ್ನಿನ ಚಾನೆಲ್ 4 ಹವಾಮಾನ ಕುರಿತ ಚರ್ಚೆಗೆ ಬಾರದ ಇಬ್ಬರು ನಾಯಕರ ಜಾಗದಲ್ಲಿ ಕರಗುವ ಮಂಜುಗಡ್ಡೆ ಇಟ್ಟಿತು. ಆಮೇಲೆ ಜನ ಮಾತಾಡಿದ್ದು ಹವಾಮಾನಕ್ಕಿಂತ ಹೆಚ್ಚಾಗಿ ಆ ಮಂಜುಗಡ್ಡೆಯ ಬಗ್ಗೆ.

ನಿಯಮ ಬರೆಯುವ ಲೇಖನಿ ಸ್ಪರ್ಧಿಗಳ ಕೈಗೆ ಹೋಗಬಾರದು. 1988ರಲ್ಲಿ ಅಮೆರಿಕದ ಎರಡು ಪ್ರಚಾರ ತಂಡಗಳು ಹದಿನಾರು ಪುಟಗಳ ಒಪ್ಪಂದವನ್ನು ತಾವೇ ಮಾಡಿಕೊಂಡು, ಪ್ರಶ್ನೆ ಕೇಳುವವರಿಂದ ಹಿಡಿದು ಸಭಾಂಗಣದಲ್ಲಿ ಕೂರುವವರವರೆಗೆ ಎಲ್ಲವನ್ನೂ ನಿಗದಿ ಮಾಡಿದವು. ಅದುವರೆಗೆ ಚರ್ಚೆ ಏರ್ಪಡಿಸುತ್ತಿದ್ದ ಮಹಿಳಾ ಮತದಾರರ ಲೀಗ್ ಮತದಾರರನ್ನು ವಂಚಿಸುವುದಕ್ಕೆ ಕೈಜೋಡಿಸಲಾರೆವೆಂದು ಹಿಂದೆ ಸರಿಯಿತು. 2004ರ ಒಪ್ಪಂದ 32 ಪುಟಕ್ಕೆ ಬೆಳೆಯಿತು. ಅಭ್ಯರ್ಥಿಗಳು ಒಬ್ಬರಿಗೊಬ್ಬರು ನೇರ ಪ್ರಶ್ನೆ ಕೇಳಬಾರದು ಎಂಬುದೂ ಅದರಲ್ಲಿತ್ತು. ಚರ್ಚೆಯಿಂದ ಚರ್ಚೆಯನ್ನೇ ತೆಗೆದುಹಾಕಿದಂತೆ. ಕೆನಡಾ 2018ರಲ್ಲಿ ಸ್ವತಂತ್ರ ಆಯೋಗ ರಚಿಸಿತು. ಮೆಕ್ಸಿಕೊದಲ್ಲಿ ಚುನಾವಣಾ ಸಂಸ್ಥೆಯೇ ಕಾನೂನಿನಂತೆ ಅಧ್ಯಕ್ಷೀಯ ಚರ್ಚೆಗಳನ್ನು ನಡೆಸುತ್ತದೆ. ಈ ದಾರಿಗಳಲ್ಲೂ ದೋಷಗಳಿವೆ, ಆದರೆ ಆ ದೋಷಗಳನ್ನು ಬಹಿರಂಗವಾಗಿ ತಿದ್ದಬಹುದು.

ಕೊನೆಯದಾಗಿ, ಚರ್ಚೆ ಮುಗಿದ ಮರುಗಳಿಗೆಯ ಬಗ್ಗೆ. 1976ರ ಅಕ್ಟೋಬರ್ 6ರಂದು ಫೋರ್ಡ್ ಪೂರ್ವ ಯುರೋಪಿನ ಮೇಲೆ ಸೋವಿಯತ್ ಯಜಮಾನಿಕೆ ಇಲ್ಲ ಎಂದುಬಿಟ್ಟರು. ಆ ರಾತ್ರಿಯೇ ಕೇಳಿದಾಗ ನೋಡುಗರಲ್ಲಿ ಫೋರ್ಡ್ ಮೇಲುಗೈ ಎಂದವರೇ ಹೆಚ್ಚಿದ್ದರು. ಆ ಒಂದು ವಾಕ್ಯವನ್ನು ವಾಹಿನಿಗಳು ಮತ್ತೆ ಮತ್ತೆ ತೋರಿಸಿ ವಿಶ್ಲೇಷಿಸಿದ ಮೇಲೆ, ಮರುದಿನದ ಹೊತ್ತಿಗೆ ಕಾರ್ಟರ್ ಗೆದ್ದರೆಂದವರು ಭಾರೀ ಬಹುಮತವಾಗಿದ್ದರು. ಮಾತು ಅದೇ, ನೋಡುಗರೂ ಅದೇ ದೇಶದವರು; ನಡುವೆ ಬಂದದ್ದು ವ್ಯಾಖ್ಯಾನ. ಹಾಗಾಗಿ ಚರ್ಚೆ ಮುಗಿದ ಕೂಡಲೇ ಪಕ್ಷಗಳ ವಕ್ತಾರರನ್ನು ಸಾಲುಗಟ್ಟಿ ಕೂರಿಸಬೇಡಿ. ‘ಯಾರು ಗೆದ್ದರು’ ಎಂಬ ತಕ್ಷಣದ ಸಮೀಕ್ಷೆಯನ್ನು ಕೈಬಿಡಿ. ಆ ಅರ್ಧ ಗಂಟೆಯಲ್ಲಿ ಐದು ವಿಷಯಗಳಲ್ಲಿ ಯಾರು ಏನು ಹೇಳಿದರು, ಎಲ್ಲಿ ಇಬ್ಬರೂ ಒಪ್ಪಿದರು, ಯಾವ ಪ್ರಶ್ನೆಗೆ ಉತ್ತರವೇ ಬರಲಿಲ್ಲ ಎಂಬುದನ್ನು ಅವರದೇ ದನಿಯಲ್ಲಿ ಮರುಪ್ರಸಾರ ಮಾಡಿ.

ಇಪ್ಪತ್ತನಾಲ್ಕು ಗಂಟೆಯೊಳಗೆ ಪೂರ್ಣ ಪಠ್ಯವನ್ನು, ಪ್ರತಿ ಉತ್ತರ ಬಂದ ನಿಮಿಷ ಸಹಿತ, ಪ್ರಕಟಿಸಿ. ಕಿವಿ ಕೇಳದವರಿಗಾಗಿ ಸಂಜ್ಞಾಭಾಷೆಯ ಆವೃತ್ತಿ ನೇರ ಪ್ರಸಾರದಲ್ಲೇ ಇರಲಿ. ಮೂರು ದಿನದೊಳಗೆ ‘ಮಾಡುತ್ತೇನೆ’, ‘ಮಾಡುವುದಿಲ್ಲ’ ಎಂಬ ರೂಪದ ವಾಕ್ಯಗಳನ್ನಷ್ಟೇ ಹೆಕ್ಕಿ, ಅವಧಿ ಮತ್ತು ಅಳತೆಯ ಅಂಕಣಗಳೊಂದಿಗೆ ಒಂದು ಪಟ್ಟಿ ಮಾಡಿ. ಸಂಬಂಧಪಟ್ಟ ಪಕ್ಷಕ್ಕೆ ಕಳಿಸಿ ಒಂದು ವಾರ ಕಾಯಿರಿ. ತಿದ್ದುಪಡಿ ಬಂದರೆ ಮೂಲ ವಾಕ್ಯದ ಪಕ್ಕದಲ್ಲೇ ಅದನ್ನೂ ಮುದ್ರಿಸಿ, ಮೂಲವನ್ನು ಅಳಿಸಬೇಡಿ. ಗೆದ್ದವರ ಪಟ್ಟಿಯನ್ನು ಪ್ರತಿವರ್ಷ ಚರ್ಚೆ ನಡೆದ ಅದೇ ದಿನಾಂಕದಂದು, ಅದೇ ಹೊತ್ತಿಗೆ, ಅದೇ ವಾಹಿನಿಯಲ್ಲಿ ತೆಗೆದು ಓದಿ. ಸೋತವರ ಪಟ್ಟಿಯನ್ನೂ ಇಟ್ಟುಕೊಳ್ಳಿ, ಮುಂದಿನ ಚುನಾವಣೆಯ ಚರ್ಚೆಯಲ್ಲಿ ಮೊದಲ ಪ್ರಶ್ನೆ ಅದರಿಂದಲೇ ಬರಲಿ. ಈ ಕೆಲಸಕ್ಕೆ ಇಬ್ಬರು ಸಿಬ್ಬಂದಿ ಮತ್ತು ಒಂದು ಮೇಜು ಸಾಕು. ಮುಂದಿನ ಚರ್ಚೆಯ ದಿನಾಂಕ ಘೋಷಿಸುವಾಗ ಆ ಇಬ್ಬರ ನೇಮಕವನ್ನೂ ಘೋಷಿಸಬೇಕೆಂದು ಕೋರುತ್ತೇವೆ.

ಇಂತಿ,
ಚುನಾವಣಾ ಚರ್ಚೆಗಳನ್ನು ಹತ್ತಿರದಿಂದ ಗಮನಿಸುತ್ತ ಬಂದವರು